ನಡುವಿನ ಗುಂಡಿ

ಕಾರಿನ ಕನ್ನಡಿಯಡಿ ಮೂರು ಗುಂಡಿ.
ನಡುವಿನದು ನಮ್ಮ ಶಟರಿಗೆ.
ಸಮೀವುಲ್ಲ ರಿಮೋಟನ್ನು ಕನ್ನಡಿಗೆ ತಾಗಿಸಿ
ಕಿವಿಯಲ್ಲಿ ಗುಟ್ಟು ಊದಿದ ಹಾಗೆ
ಎರಡನ್ನೂ ಒಟ್ಟಿಗೆ ಅದುಮಿ ಹಿಡಿದ.
ಮಂಕಾಗಿದ್ದ ದೀಪ ಪಟಪಟ ಮಿಟುಕಿತು.
‘ಕಲೀತು ನೋಡಿ ಮೇಡಂ.’

ಒತ್ತಿದೆ.
ನಮ್ಮದು ಮಿಸುಕಲಿಲ್ಲ.
ಎದುರು ಮನೆಯದು ಎದ್ದಿತು, ಗರಗರ.

ಎದುರು ಮನೆ ಎಂದರೆ ಕುಸುಮಾಕ್ಷಿ.
ಚರಂಡಿ ಕಲ್ಲಿನ ಜಗಳ, ಆರು ವರ್ಷ,
ವಿನೋಬನಗರಕ್ಕೆಲ್ಲ ಗೊತ್ತು.
ಸ್ಕೂಟಿಯ ಸೀಟಿನ ಮೇಲೆ ತಟ್ಟೆ ಇಟ್ಟುಕೊಂಡು
ಹಪ್ಪಳದ ಹಿಟ್ಟು ನಾದುತ್ತ
ಒಬ್ಬಳೇ ಏನೋ ಗುನುಗುತ್ತಿದ್ದಳು, ನೈಟಿಯಲ್ಲಿ.
ನನ್ನ ಕಾರು ನೋಡಿ
ಬಾಯಿ ಹಾಗೇ ನಿಂತಿತು.

‘ಎರಡೂ ನಾನೇ ಹಾಕಿದ್ದು,
ಕೋಡು ಒಂದೇ ಆಗ್ಬಿಟ್ಟಿದೆ.
ಎರಡು ನಿಮಿಷ, ಬದಲಾಯಿಸ್ತೀನಿ’
ಸಮೀವುಲ್ಲ ಏಣಿ ತರಲು ಹೋದ.

ಮುಚ್ಚಲೆಂದು ಮತ್ತೆ ಒತ್ತಿದೆ.
ಇಳಿಯಿತು, ಮೊಣಕಾಲೆತ್ತರಕ್ಕೆ ಸಿಕ್ಕಿಕೊಂಡಿತು.
ಕೆಳಗೆ ಎರಡು ಪಾದ,
ಒಂದಕ್ಕೆ ಮಾತ್ರ ಚಪ್ಪಲಿ.
ಒಳಗಿಂದ ದನಿ:
‘ಎತ್ತೋದಾದ್ರೆ ಎತ್ತು ಮಾರಾಯ್ತಿ,
ಇಳಿಸೋದಾದ್ರೆ ಇಳಿಸು.’

ಏಕವಚನ.
ಚರಂಡಿಗೂ ಮುಂಚಿನದು.

ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.
ಸಮೀವುಲ್ಲನಿಗೆ ಅಂದೆ:
ಏಣಿ ಅಲ್ಲೇ ಇರಲಿ,
ಟೀ ಕುಡಿ ಮೊದಲು.