ತೂಕ ಎಷ್ಟು, ಹುರಿ ಎಷ್ಟು

ಬುಗುರಿ ತಿರುಗೋದರಿಂದ ನಿಲ್ತದೆ ಮೇಡಂ,
ಕಪ್ಪುಕುಳೀನೂ ಹಂಗೇನಾ?
ಕೊನೆಯ ಬೆಂಚಿನಿಂದ ತಬ್ರೇಜ್ ಕೇಳಿದ.
ಬೇಸಿನ್ನಿನ ಬಿಸಿನೀರಿಗೆ ಅವನ ಬೆರಳ ತುದಿಗಳು
ಬೆಂದು ಬಿಳಿಚಿದ್ದವು. ಅಂಗಿಗೆ ಸತ್ತ ಹುಳುವಿನ ವಾಸನೆ.
ಐದರಿಂದ ಒಂಬತ್ತರವರೆಗೆ ಅಪ್ಪನ ಜೊತೆ ನೂಲು ತೆಗೆದು
ಹತ್ತಕ್ಕೆ ಕಾಲೇಜಿಗೆ ಬರುವ ಹುಡುಗ.

ಇಲ್ಲ, ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು,
ಬದುಕಿದೆ.

ಆ 'ಇಲ್ಲ' ಮಾತ್ರ ಬೆನ್ನು ಬಿಡದೆ ಬಂತು
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದಾಟಿ
ಹುರಿ ಮಿಷನ್ನಿನ ಮೇಲಿನ ನನ್ನ ಬಾಡಿಗೆ ಕೋಣೆಗೆ.
ಕೆಳಗೆ ನಾನೂರು ಬಾಬಿನ್ನು, ರಾತ್ರಿಯಿಡೀ ಗುಂಯ್.
ಮೇಜಿನ ಮೇಲೆ ಲೋಟದ ನೀರಲ್ಲಿ
ಉಂಗುರ, ಉಂಗುರದೊಳಗೆ ಉಂಗುರ.

ಹೀಗೆ ಹೇಳಬೇಕಿತ್ತು:
ನಕ್ಷತ್ರ ನಕ್ಷತ್ರವಾಗಿರುವ ತನಕ
ಸುತ್ತು ಕೈಹಿಡಿಯುತ್ತದೆ, ಸ್ವಲ್ಪ.
ಗರಗರ ತಿರುಗುವ ಹುಡುಗಿಯ ಲಂಗದಂತೆ
ಸೊಂಟ ಅರಳಿ, ಕುಸಿತ ತುಸು ತಡವಾಗುತ್ತದೆ.
ಹೊಸಿಲು ದಾಟಿದ ಮೇಲೆ
ಯಾವ ಗಿರಕಿಯೂ ಎತ್ತಿ ಹಿಡಿಯದು.
ಊರುಗೋಲೂ ಜೊತೆಗೇ ಬೀಳುತ್ತಿರುವಾಗ
ಊರುವುದು ಎಲ್ಲಿ?

ಆದರೂ ಸುತ್ತು ಸುಮ್ಮನಿರುವುದಿಲ್ಲ, ತಬ್ರೇಜ್.
ಚುಕ್ಕಿಯಾಗಬೇಕಿದ್ದುದನ್ನು ಬಳೆ ಮಾಡುತ್ತದಂತೆ.
'ಅಂತೆ' ಎಂದೆ ಯಾಕೆಂದರೆ
ಲೆಕ್ಕ ಹಾಗೆ ಹೇಳುತ್ತದೆ, ನೋಡಿ ಬಂದವರಿಲ್ಲ.
ಸುತ್ತಲ ಬಯಲನ್ನೇ ಹಿಡಿದು ತಿರುವುತ್ತದೆ;
ಅದರ ಅಂಗಳದಲ್ಲಿ
ನಿಂತಲ್ಲೇ ನಿಲ್ಲುತ್ತೇನೆಂಬ ಹಟ ಯಾರದೂ ನಡೆಯದು.
ಮಿತಿಯೂ ಉಂಟು. ಮೀರಿ ಸುತ್ತಿದರೆ
ಹೊಸಿಲೇ ಹರಿದು, ಒಳಗಿನ ಬೆತ್ತಲೆ ಬೀದಿಗೆ ಬೀಳಬೇಕು.
ಹಾಗಾಗದು ಎಂದು ನಂಬಿದ್ದೇವೆ.
ನಂಬಿದ್ದೇವೆ, ಅಷ್ಟೆ.

ಒಂದೂಮುಕ್ಕಾಲಿಗೆ ಕರೆಂಟು ಹೋಯಿತು.
ನಾನೂರು ಗುಂಯ್ ಒಟ್ಟಿಗೇ ಇಳಿದು
ಕಿವಿಯಲ್ಲಿ ಹೊಂಡ ಬಿತ್ತು.
ಟಾರ್ಚು ಹಿಡಿದು ಕೆಳಗಿಳಿದರೆ
ಪಿಳ್ಳಮ್ಮ ಸಾಲಿಂದ ಸಾಲಿಗೆ ಓಡುತ್ತಿದ್ದಾಳೆ
ಅಂಗೈಯಲ್ಲಿ ಬಾಬಿನ್ನು ತಡೆಯುತ್ತ.
"ಬೆಳಕು ಆಮೇಲೆ, ಮೊದ್ಲು ಇದನ್ನ ಹಿಡ್ಕಳಮ್ಮೋ!
ಸಡಿಲ ಬಿಟ್ರೆ ಸಿಕ್ಕಾಗ್ತದೆ."
ಹಿಡಿದೆ. ಕೂದಲಿಗಿಂತ ಸಣ್ಣ ಎಳೆ
ಬೆರಳ ನಡುವೆ ಮಿಸುಕಿತು
ತನ್ನ ಮೇಲೆ ತಾನೇ ಸುತ್ತಿಕೊಳ್ಳಲು.

ಮಿಷನ್ ನಿಂತಿತಲ್ಲ, ಸುತ್ತು ಎಲ್ಲಿ ಹೋಯಿತು?
ಪಾಠ ಮಾಡುವವಳ ಚಾಳಿ, ಕೇಳಿಬಿಟ್ಟೆ.
"ಎಲ್ಲೋಗ್ತದೆ? ಎಳೇಲೇ ಐತೆ.
ಅದಕ್ಕೇ ಅಲ್ವಾ ಕಾಸು ಕೊಡೋದು.
ಸೇಟು ಬಂದ್ರೆ ಕೇಳೋದು ಎರಡೇ,
ತೂಕ ಎಷ್ಟು, ಹುರಿ ಎಷ್ಟು.
ಅಯ್ಯೋ, ಬಿಡಬ್ಯಾಡ, ಬಿಡಬ್ಯಾಡ!"

ಬಿಡಲಿಲ್ಲ. ಕತ್ತಲಲ್ಲಿ ಹಾಗೇ ನಿಂತೆ.
ಯಾವ ಊರಿನ ಗೂಡು,
ಯಾರ ಮನೆಯ ಚಂದ್ರಿಕೆಯಲ್ಲಿ ಹಣ್ಣಾದ ಹುಳು,
ಯಾವ ತೋಟದ ಹಿಪ್ಪುನೇರಳೆ ಸೊಪ್ಪು,
ಯಾರ ಬೆರಳು ಬೆಂದವು, ಸೇಟು ಕೇಳುವುದಿಲ್ಲ.
ಅದೂ ಹಾಗೇ.
ಬಂಗಾರ ಬಿದ್ದರೂ ಬೂದಿ ಬಿದ್ದರೂ
ಹೊರಗೆ ನಿಂತವರಿಗೆ ಉಳಿಯುವುದು
ತೂಕ ಎಷ್ಟು, ಹುರಿ ಎಷ್ಟು;
ಮತ್ತೆ ಬೇಕಾದರೆ ತುಸು ವಿದ್ಯುತ್ತು,
ಅದೂ ಹೆಚ್ಚು ಹೊತ್ತು ನಿಲ್ಲದು,
ನಮ್ಮೂರ ಕರೆಂಟಿನ ಹಾಗೆ.

ಆಸರೆಯಲ್ಲ ಹುರಿ. ಬಿದ್ದದ್ದು
ಸುಮ್ಮನೆ ಬೀಳಲಿಲ್ಲ, ತಿರುಗುತ್ತ ಬಿತ್ತು
ಎನ್ನುವುದಕ್ಕೆ ಉಳಿದ ಗುರುತು.

ಮಾರನೆಯ ದಿನ ಬೋರ್ಡಿನ ಮೇಲೆ
ಒಂದು ಹೊಸಿಲು, ಒಂದು ಬಳೆ ಬರೆದು
ಇದನ್ನೆಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆನೇನೋ,
ಮುಂದಿನ ಬೆಂಚುಗಳು ಬರೆದುಕೊಂಡವು.
ತಬ್ರೇಜ್ ಬರೆದುಕೊಳ್ಳಲಿಲ್ಲ.
ಹಂಗಾದ್ರೆ ಆ ಹುಳು, ಮೇಡಂ?
ಯಾವ ಹುಳು?
ಒಳಗಿತ್ತಲ್ಲ.

ಗಂಟೆ ಹೊಡೆಯಲು
ಇನ್ನೂ ಹತ್ತು ನಿಮಿಷವಿತ್ತು.