ಎರಡು ಗಂಟೆ ಮೊದಲು

ಶನಿವಾರ. ರಾತ್ರಿ ಪಾಳಿ ಮುಗಿಸಿ
ಬೂಟು ಕೂಡ ಬದಲಿಸದೆ ಬಂದು ಕೂತಿದ್ದೇನೆ
ಸೊಹಾರ್ ಆಸ್ಪತ್ರೆಯ ಟ್ರೈನಿಂಗ್ ರೂಮಿನಲ್ಲಿ.
ಆರು ಅಂಕ ಕಡಿಮೆ ಬಿದ್ದಿದೆ ನನಗೆ.
ಅಂಕ ತುಂಬದಿದ್ದರೆ ಲೈಸೆನ್ಸಿಲ್ಲ,
ಲೈಸೆನ್ಸಿಲ್ಲದಿದ್ದರೆ ಮಗಳ ಫೀಸಿಲ್ಲ.
ಐವತ್ತೊಂದರಲ್ಲಿ ಕಲಿಯುವುದೆಂದರೆ
ಒಂದು ಸಹಿ, ಒಂದು ಸಮೋಸ
ಅಂದುಕೊಂಡೇ ಬಂದವಳು.

ಪಕ್ಕದಲ್ಲಿ ಮಾರಿವಿಕ್, ಮನಿಲಾದವಳು,
ಕಣ್ಣು ತೆರೆದೇ ನಿದ್ದೆ ಮಾಡಬಲ್ಲವಳು.
ಒಳಗೆ ಎಸಿ ಹದಿನೆಂಟು. ಹೊರಗೆ ನಲವತ್ತಾರು.

ಪಾಠ ಹೇಳಲು ಬಂದವಳು ಡಾಕ್ಟರ್ ಬುಥೈನಾ,
ನನ್ನ ಮಗಳಿಗಿಂತ ಆರೇಳು ವರ್ಷ ದೊಡ್ಡವಳಿರಬಹುದು.
ಪರದೆ ಬೆಳಗಿಸಲೇ ಇಲ್ಲ.
ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ಕೇಳಿದಳು:
ಇದನ್ನು ಯಾವಾಗ ಕಿತ್ತುಕೊಳ್ಳುತ್ತೀರಿ?

ನಡುರಾತ್ರಿಗೆ, ಎಂದೆವು ಎಲ್ಲರೂ
ಮಗ್ಗಿ ಒಪ್ಪಿಸುವ ಹಾಗೆ.

ಅವಳು ನಗಲಿಲ್ಲ. ಕೈಗಡಿಯಾರ ಬಿಚ್ಚಿ
ಲೋಟದ ಪಕ್ಕ ಇಟ್ಟಳು.
ರೊಟ್ಟಿಗೆ ಆರು ಗಂಟೆ, ಹಾಲು ಬೆರೆಸಿದ ಚಹಾಕ್ಕೂ ಆರೇ.
ಬರೀ ನೀರಿಗೆ ಎರಡು.
ಅಷ್ಟರಲ್ಲಿ ಅದು ಹೊಟ್ಟೆ ದಾಟಿರುತ್ತದೆ,
ಮತ್ತಿನಲ್ಲಿ ಮೇಲೆ ಉಕ್ಕಿ ಉಸಿರಿನ ದಾರಿಗೆ ಇಳಿಯುವುದಿಲ್ಲ.
ಇದೇನು ಹೊಸ ಮಾತಲ್ಲ, ಎಂದಳು,
ನಮ್ಮ ವಾರ್ಡಿಗೆ ಬಂದು ಮುಟ್ಟುವುದು ತಡವಾಯಿತು.
ನನ್ನಜ್ಜ ಫಲಜಿನ ನೀರು ಹಂಚುತ್ತಿದ್ದ,
ಕೋಲಿನ ನೆರಳು ನೋಡಿ ಅಳೆದು. ಒಂದು ಗಳಿಗೆ ಹೆಚ್ಚಿಗೆ
ಯಾರ ತೋಟವನ್ನೂ ಒಣಗಿಸಿದವನಲ್ಲ.

ಅರಿವಳಿಕೆಯ ಕೆಲಸದಲ್ಲಿ ಇಪ್ಪತ್ತೆರಡು ವರ್ಷ.
ಅರಿವು ಮಾತ್ರ
ಸಮೋಸದ ವಾಸನೆಯ ಈ ರೂಮಿನಲ್ಲಿ.

ತೊಫಜ್ಜಲ್ ಅಂತ ಒಬ್ಬನಿದ್ದ, ರಸ್ತೆಗೆ ಡಾಂಬರು ಹಾಕುವವನು.
ಹರ್ನಿಯಾ. ಪಟ್ಟಿಯಲ್ಲಿ ಮೊದಲನೆಯವ.
ಒಂದು ಹೆರಿಗೆ ಬಂತು, ಹಿಂದೆಯೇ ಒಂದು ಅಪಘಾತ,
ಮೊದಲನೆಯವ ಐದನೆಯವನಾದ,
ಸಂಜೆ ನಾಲ್ಕಾಯಿತು.
ಕುಡಿದಿಯೇನೋ? ಇಲ್ಲ ಆಪಾ.
ನಾಲಗೆ ಚಾಚಿ ತೋರಿಸಿದ, ಸುಣ್ಣ ಬಳಿದಂತಿತ್ತು.
ಒದ್ದೆ ಹತ್ತಿ ತುಟಿಗೆ ಒತ್ತಿದೆ,
ಹಲ್ಲಲ್ಲಿ ಕಚ್ಚಿ ಹಿಡಿದುಬಿಟ್ಟ.
ಬಿಡು, ಎಂದೆ. ಗದರಿದೆ.
ಕೊನೆಗೆ ಎಳೆದುಕೊಂಡೆ,
ಕರುವಿನ ಬಾಯಿಂದ ಕೆಚ್ಚಲು ಬಿಡಿಸಿದ ಹಾಗೆ.
ಆಪರೇಷನ್ ಚೆನ್ನಾಗಿಯೇ ಆಯಿತು.
ಮೂರನೇ ದಿನ ಸಲಾಂ ಹೇಳಿ ಹೋದ.
ಅವನ ನೀರಡಿಕೆ ಯಾವ ಚಾರ್ಟಿನಲ್ಲೂ ಇಲ್ಲ,
ಇಷ್ಟು ವರ್ಷ ನನ್ನಲ್ಲೂ ಇರಲಿಲ್ಲ.

ನಾನು ಬೀದರಿನ ನೌಬಾದಿನವಳು.
ನಮ್ಮ ಕಾಲ ಕೆಳಗೆ ಕತ್ತಲಲ್ಲಿ
ಸುರಂಗದ ನೀರು ನಡೆಯುತ್ತದೆ,
ಬಾವಿಯ ಬಾಯಿಗೆ ಕಿವಿಯಿಟ್ಟರೆ ಕೇಳಿಸುತ್ತದೆ
ಅನ್ನುತ್ತಿದ್ದ ಅಪ್ಪ.
ನಾನೋ, ಎಷ್ಟು ಜನರ ಗಂಟಲ ಬಳಿ ಕಿವಿಯಿಟ್ಟೆ!
ಬರೀ ಉಸಿರನ್ನೇ ಕೇಳಿಸಿಕೊಂಡೆ.

ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು.
ಸರ್ಟಿಫಿಕೇಟಿನಲ್ಲಿ ಸುವಾರ್ತಾ ಹೋಗಿ ಸುವರ್ಣಾ ಆಗಿದೆ,
ತಿದ್ದಿಸಲು ಹೋಗಲಿಲ್ಲ.

ಭಾನುವಾರ, ಬೆಳಗಿನ ಐದೂವರೆ.
ಹದಿನಾಲ್ಕನೇ ಮಂಚದ ಹಮೂದ್, ಪಿತ್ತಕೋಶದ ಕಲ್ಲು,
ಗುರುವಾರದಿಂದ ಮುಂದೂಡಿದ ಕೇಸು, ಎಂಟಕ್ಕೆ ಆಪರೇಷನ್.
ಲೋಟ ಚಾಚಿದೆ. ಮುಖ ತಿರುಗಿಸಿದ.
ಬೇಡಮ್ಮ, ಮೊನ್ನೆಯ ಸಿಸ್ಟರ್ ಬಯ್ಯುತ್ತಾಳೆ.
ಮೊನ್ನೆಯ ಸಿಸ್ಟರ್ ನಾನೇ, ಅಜ್ಜಾ.
ನನ್ನನ್ನೇ ದಿಟ್ಟಿಸಿದ. ಹಾಗಾದರೆ ಇವತ್ತು?
ನಿನ್ನೆ ಶಾಲೆಗೆ ಹೋಗಿದ್ದೆ.
ಈ ವಯಸ್ಸಿನಲ್ಲಾ? ಅಂದು ನಕ್ಕ,
ಬಿಸ್ಮಿಲ್ಲಾ ಹೇಳಿ ಮೂರು ಗುಟುಕಿನಲ್ಲಿ ಕುಡಿದ.
ಗಡ್ಡದ ಮೇಲೆ ಒಂದು ಹನಿ ಉಳಿದಿತ್ತು, ಒರೆಸಲಿಲ್ಲ.
ಚಾರ್ಟಿನಲ್ಲಿ ಅದಕ್ಕೆ ಅಂಕಣ ಇರಲಿಲ್ಲ,
ಅಂಚಿನಲ್ಲಿ ಬರೆದೆ: ಐದು ನಲವತ್ತು. ನೀರು.

ಏಳಕ್ಕೆ ಫೋನು ಬಂತು.
ಪಟ್ಟಿ ಬದಲಾಗಿದೆ ಸಿಸ್ಟರ್,
ಹದಿನಾಲ್ಕನೇ ಮಂಚ ಹನ್ನೊಂದಕ್ಕೆ.

ಸರಿ, ಎಂದೆ. ಗಡಿಯಾರ ನೋಡಿದೆ.
ಇನ್ನೊಂದು ಲೋಟ ತುಂಬಿದೆ.