ನೀರು ಹದಿನೈದು

ಮಂಜುಗಡ್ಡೆ ಒಡೆದು ಇಪ್ಪತ್ತಾರು ದಿನ.
ಅಪ್ಪ ದೋಣಿಮನೆಯ ಗೋಡೆಗೆ ಸೀಸಕಡ್ಡಿಯಲ್ಲಿ ಗೀಟು ಹಾಕುತ್ತಾನೆ,
ಕ್ಯಾಲೆಂಡರನ್ನು ನಂಬುವುದಿಲ್ಲ.
ದಂಡೆಯ ತುವೊಮಿ ಮರ ಮೈತುಂಬ ಬೆಳ್ಳಗೆ ಬಿರಿದು
ಗಾಳಿಯಲ್ಲಿ ಕಹಿಬಾದಾಮಿಯ ವಾಸನೆ ಎದ್ದ ದಿನವೇ
ನಮ್ಮ ಕೊರ್ಪಿಯಾರ್ವಿಗೆ ಬೇಸಿಗೆ.
ಉಳಿದದ್ದು ರೇಡಿಯೋದವರ ಮಾತು.

ನನ್ನ ಕೆಲಸ ಹುಟ್ಟು ಹಾಕುವುದು,
ದಾರಕ್ಕೆ ಕಟ್ಟಿದ ಥರ್ಮಾಮೀಟರು ಇಳಿಬಿಟ್ಟು
ಓದಿ ಹೇಳುವುದು.
ಮೇಲೆ ಹದಿನಾಲ್ಕು. ಎರಡಾಳು ಕೆಳಗೆ ಒಂಬತ್ತು.
"ಹೊದಿಕೆ ಇನ್ನೂ ತೆಳು," ಅನ್ನುತ್ತಾನೆ,
"ಗಾಳಿ ಎಳೆದತ್ತ ಜಾರುತ್ತದೆ."
ಮೂರು ದಿನದಿಂದ ನೈಋತ್ಯದ ಗಾಳಿ,
ಜೋರಿಲ್ಲ, ಬಿಡುವೂ ಇಲ್ಲ,
ನೀರಿನ ಬಿಸಿಯನ್ನೆಲ್ಲ ಗುಡಿಸಿ ಗುಡಿಸಿ
ಎದುರುದಂಡೆಯ ಕೊಲ್ಲಿಗೆ ಒಟ್ಟಿದೆ.
ಬಿಸಿಯ ಹಿಂದೆ ಹುಳ,
ಹುಳದ ಹಿಂದೆ ಬೆರಳುದ್ದದ ಮರಿ,
ಮರಿಯ ಹಿಂದೆ ಅಹ್ವೆನ್, ಮೈಗೆ ಕಪ್ಪು ಪಟ್ಟೆ, ರೆಕ್ಕೆಗೆ ಕುಂಕುಮ,
ಮೊಟ್ಟೆಯಿಟ್ಟು ಸೊರಗಿ ಈಗ ಸಿಕ್ಕಿದ್ದು ನುಂಗುವ ಬಾಣಂತಿ.
ಎಲ್ಲರಿಗೂ ಹಿಂದೆ, ಜೊಂಡಿನ ಬುಡದಲ್ಲಿ,
ಬಿದ್ದ ಕೊಂಬೆಯಂತೆ ಕದಲದೆ
ಹೌಕಿ, ಮೊಸಳೆಮೂತಿಯದು.

ಕನ್ನಡಿಯಂಥ ನೀರನ್ನು ಮೆಚ್ಚುವವರು
ಪಟ ತೆಗೆಯಲು ಬಂದವರು.
ನಮಗೆ ಬೇಕಾದ್ದು ಸುಕ್ಕು.
ಸುಕ್ಕಿದ್ದರೆ ಬೆಳಕು ಒಡೆಯುತ್ತದೆ,
ದೋಣಿಯ ನೆರಳು ಒಡೆಯುತ್ತದೆ,
ಮೀನಿಗೆ ಧೈರ್ಯ ಬರುತ್ತದೆ.

ರಾತ್ರಿ ಹತ್ತೂವರೆ. ಸೂರ್ಯ ಇನ್ನೂ ಪೈನ್ ಮರಗಳ ಸೊಂಟದಲ್ಲಿ.
ಕೊಲ್ಲಿಯ ಬಾಯಲ್ಲಿ ಒಂದೇ ಒಂದು ಮುಳುಗುಬಂಡೆ,
ಬಂಡೆಯ ಬದಿಯಲ್ಲಿ ಆಗಲೇ ಒಂದು ದೋಣಿ.
ಕೌಕೊ.

ಅಪ್ಪನಿಗೂ ಅವನಿಗೂ ಹನ್ನೊಂದು ವರ್ಷದ ಎಣ್ಣೆ ಸೀಗೆಕಾಯಿ.
ಅವನ ಮೋಟಾರು ನಮ್ಮ ಬಲೆ ಹರಿಯಿತೋ
ನಮ್ಮ ಬಲೆ ಅವನ ಮೋಟಾರಿಗೆ ಸುತ್ತಿತೋ,
ಬಲೆಗೂ ಮರೆತುಹೋಗಿರಬೇಕು.
ಇಡೀ ಸರೋವರ ಖಾಲಿ ಬಿದ್ದಿದೆ.
ಆದರೆ ಗಾಳಿಗೆ ಜಗಳ ಗೊತ್ತಿಲ್ಲ,
ಇಬ್ಬರಿಗೂ ಒಂದೇ ಲೆಕ್ಕ ಹೇಳಿ ಕಳಿಸಿದೆ.

ಬಂಡೆಗೆ ಗಾಳಿಯ ಮೇಲ್ಗಡೆ ನಾನು ಲಂಗರುಕಲ್ಲು ಇಳಿಸಿದೆ,
ಸದ್ದಾಗದಂತೆ, ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ.
ಇಬ್ಬರೂ ಬೆನ್ನಿಗೆ ಬೆನ್ನು.
ಅಪ್ಪನ ಗಾಳದಲ್ಲಿ ಹಳೇ ತಾಮ್ರದ ತಗಡು,
ಎಸೆದು, ಮುಳುಗಲು ಬಿಟ್ಟು, ಎರಡು ಸುತ್ತು, ನಿಲುಗಡೆ.
ಎರಡು ಸುತ್ತು. ನಿಲುಗಡೆ.
ತಣ್ಣೀರ ಮೀನು ಓಡಿ ಹಿಡಿಯುವುದಿಲ್ಲ,
ನಿಲುಗಡೆಯಲ್ಲೇ ಕಚ್ಚುತ್ತದೆ. ಇದನ್ನು ಕಲಿಯಲು
ನನಗೆ ಐದು ಬೇಸಿಗೆ ಬೇಕಾಯಿತು.
ಸೊಳ್ಳೆಗಳು ನನ್ನ ಕಿವಿ ತಿನ್ನುತ್ತಿದ್ದವು.

ಕಚ್ಚಿತು.
ಅಹ್ವೆನ್ ಅಲ್ಲ. ದಾರ ಜೊಂಡಿನತ್ತ ಬುರ್ರೆಂದಿತು,
ದೋಣಿಯ ಮೂತಿಯೇ ತಿರುಗಿತು.
"ಬುಟ್ಟಿಬಲೆ!" ಅಂದ ಅಪ್ಪ.
ಬುಟ್ಟಿಬಲೆ ಸೌನಾದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.
ನಾನೇ ತೂಗುಹಾಕಿದ್ದು, ಒಣಗಲಿ ಎಂದು.

ಅಪ್ಪ ನನ್ನನ್ನು ನೋಡಿದ ನೋಟ ಬರೆಯುವುದಿಲ್ಲ.
ಆಗ ನಮ್ಮೆರಡು ದೋಣಿಗಳ ನಡುವಿನ ನೀರಿನ ಮೇಲೆ
ಒಂದು ಉದ್ದನೆಯ ಹಿಡಿಕೆ ತೂರಿ ಬಂತು.
ತುದಿಯಲ್ಲಿ ಬಲೆ. ಈಚೆ ತುದಿಯಲ್ಲಿ ಕೌಕೊನ ಕೈ.
ಮುಖ ಮಾತ್ರ ಆಚೆ,
ಯಾವುದೋ ಮರವನ್ನು ಮೊದಲ ಸಲ ನೋಡುತ್ತಿರುವಂತೆ.
ಅಪ್ಪ ಇಸಕೊಂಡ. ಬಾಚಿದ. ಆರು ಕಿಲೋ ಇದ್ದೀತು.
ಬಲೆ ಹಿಂದೆ ಹೋಗುವಾಗ ಅದರೊಳಗೆ
ನಮ್ಮ ಬಕೆಟ್ಟಿನ ಎರಡು ದಪ್ಪ ಅಹ್ವೆನ್ ಇದ್ದವು.
ಒಬ್ಬರೂ ತುಟಿ ಬಿಚ್ಚಲಿಲ್ಲ.

ಮರುರಾತ್ರಿ ಅದೇ ಬಂಡೆ, ಅದೇ ಗಾಳಿ, ಅದೇ ಎರಡು ಬೆನ್ನು.
ಬುಟ್ಟಿಬಲೆ ನನ್ನ ಕಾಲ ಬಳಿ, ಎರಡು ಗಂಟು ಹಾಕಿ ಕಟ್ಟಿದ್ದು.
ಬಹಳ ಹೊತ್ತಾದ ಮೇಲೆ ಅಪ್ಪ
ನನ್ನ ಕಡೆ ತಿರುಗಿ, ಕಿವುಡಿಗೆ ಹೇಳುವಷ್ಟು ಜೋರಾಗಿ,
"ನೀರು ಹದಿನಾರು," ಅಂದ.

ಎರಡು ಸುತ್ತು. ನಿಲುಗಡೆ.

"ಹದಿನಾರೂವರೆ," ಎಂದ ಕೌಕೊ, ತನ್ನ ಬಕೆಟ್ಟಿಗೆ.

ನಾನು ದಾರ ಮೇಲೆಳೆದು ಓದಿದೆ.
ಹದಿನೈದು.
ಒರೆಸಿ, ಜೇಬಿಗೆ ಇಟ್ಟುಕೊಂಡೆ.